ತಿಲಕ್ ವರ್ಮಾ ಹೊಡೆದ 69 ಯಾರಿಗೆ ನೆನಪಿದೆ?

2025ರ ಸೆಪ್ಟೆಂಬರ್ 28ರ ಭಾರತ–ಪಾಕಿಸ್ತಾನ ಏಷ್ಯಾ ಕಪ್ ಕ್ರಿಕೆಟ್ ಫೈನಲ್ ಬಗ್ಗೆ ಯಾರನ್ನಾದರೂ ಕೇಳಿ ನೋಡಿ. "ಅದೇ ಗುರು, ನಮ್ಮೋರು ಕಪ್ಪೇ ಮುಟ್ಟಲಿಲ್ವಲ್ಲ, ಅದು ತಾನೇ?" ಅಂತಾರೆ. ಹೌದು, ಅದೇ. ಆದರೆ ಆ ಮ್ಯಾಚ್ ಗೆಲ್ಲಿಸಿದ್ದು ಯಾರು ಅಂತ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ.

ನಾನು ಹೇಳ್ತೀನಿ ಕೇಳಿ. ಪಾಕಿಸ್ತಾನ ಒಂದು ವಿಕೆಟ್‌ಗೆ 113 ಹೊಡೆದು ಆರಾಮಾಗಿ ಕೂತಿತ್ತು. ಇವತ್ತು ದೊಡ್ಡ ಮೊತ್ತವೇ ಬರುತ್ತೆ ಅಂತ ನಾವೆಲ್ಲ ಸೋಫಾ ಮೇಲೆ ಮುಖ ಸಪ್ಪಗೆ ಮಾಡಿಕೊಂಡಿದ್ದೆವು. ಅಲ್ಲಿಂದ 146ಕ್ಕೆ ಎಲ್ಲರೂ ಔಟ್. 33 ರನ್ನಿಗೆ 9 ವಿಕೆಟ್! 17ನೇ ಓವರಿನಲ್ಲಿ ಕುಲದೀಪ್ ಯಾದವ್ ಒಬ್ಬನೇ ಮೂರು ಜನರನ್ನು ಪೆವಿಲಿಯನ್‌ಗೆ ಕಳಿಸಿದ. ಸರಿ, ಗೆದ್ದಂಗೇ ಅಂದುಕೊಂಡರೆ ನಮ್ಮದು 20ಕ್ಕೆ 3. ಅಭಿಷೇಕ್ ಇಲ್ಲ, ಸೂರ್ಯ ಇಲ್ಲ, ಗಿಲ್ ಇಲ್ಲ. ಆಗ ತಿಲಕ್ ನಿಂತ. ಮೊದಲು ಸಂಜು ಸ್ಯಾಮ್ಸನ್ ಜೊತೆ, ಆಮೇಲೆ ಶಿವಂ ದುಬೆ ಜೊತೆ. ಹೊಡೀಬೇಕಾದಾಗ ಹೊಡೆದ, ಸುಮ್ಮನಿರಬೇಕಾದಾಗ ಸುಮ್ಮನಿದ್ದ. ಕೊನೆ ಓವರಿಗೆ 10 ಬೇಕಿತ್ತು. ಹ್ಯಾರಿಸ್ ರೌಫ್ ಬೌಲಿಂಗ್. ಮೊದಲ ಬಾಲಿಗೆ ಎರಡು, ಎರಡನೇದಕ್ಕೆ ಸಿಕ್ಸರ್, ಮೂರನೇದಕ್ಕೆ ಒಂದು. ಆಮೇಲೆ ರಿಂಕು ಸಿಂಗ್ ಎದುರಿಸಿದ್ದು ಒಂದೇ ಒಂದು ಬಾಲು, ಅದೂ ಬೌಂಡರಿ. ತಿಲಕ್ 53 ಬಾಲಿಗೆ 69, ನಾಟೌಟ್.

ಏಷ್ಯಾ ಕಪ್ ಶುರುವಾಗಿದ್ದು 1984ರಲ್ಲಿ. ಅಷ್ಟು ವರ್ಷದಲ್ಲಿ ಈ ಎರಡು ತಂಡ ಫೈನಲ್‌ನಲ್ಲಿ ಎದುರಾಗಿದ್ದು ಅದೇ ಮೊದಲು. ಅಂಥ ಮ್ಯಾಚಿನಲ್ಲಿ ಅಂಥ ಇನಿಂಗ್ಸ್. ಬೇರೆ ಯಾವ ಕಾಲದಲ್ಲಾದರೂ ಆಗಿದ್ದರೆ ಮೂರು ವಾರ ಅದನ್ನೇ ಮಾತಾಡುತ್ತಿದ್ದೆವು. ಆ ಸಿಕ್ಸರ್ ಹೊಡೆಯುವಾಗ ಕಾಲು ಎಲ್ಲಿತ್ತು, ತಲೆ ಎಲ್ಲಿತ್ತು ಅಂತ ಆಫೀಸ್ ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದುಕೊಂಡೇ ಆಡಿ ತೋರಿಸುತ್ತಿದ್ದೆವು.

ಆಗಿದ್ದೇನು? ಬಹುಮಾನ ಸಮಾರಂಭ ಒಂದು ಗಂಟೆಗೂ ಜಾಸ್ತಿ ತಡವಾಯಿತು. ಕಪ್ ಕೊಡಬೇಕಾದ್ದು ಏಷ್ಯನ್ ಕ್ರಿಕೆಟ್ ಕೌನ್ಸಿಲ್ ಅಧ್ಯಕ್ಷ ಮೊಹ್ಸಿನ್ ನಖ್ವಿ. ಆತ ಪಾಕಿಸ್ತಾನ ಕ್ರಿಕೆಟ್ ಮಂಡಳಿಯ ಮುಖ್ಯಸ್ಥನೂ ಹೌದು, ಆ ದೇಶದ ಗೃಹ ಸಚಿವನೂ ಹೌದು. ಅವರಿಂದ ತಗೊಳ್ಳಲ್ಲ ಅಂದರು ನಮ್ಮವರು. ಬೇರೆಯವರ ಕೈಲಿ ಕೊಡಿಸಲ್ಲ ಅಂದರು ಅವರು. ಕಪ್ ವಾಪಸ್ ಹೋಯಿತು. ನಮ್ಮ ಹುಡುಗರು ಖಾಲಿ ಕೈ ಎತ್ತಿ, ಇಲ್ಲದ ಕಪ್ ಇದ್ದಂಗೆ ಕುಣಿದು ಫೋಟೋ ತೆಗೆಸಿಕೊಂಡರು. ಪ್ರಧಾನಿಯವರು ಗೆಲುವನ್ನು ಆಪರೇಷನ್ ಸಿಂಧೂರಕ್ಕೆ ಹೋಲಿಸಿ ಪೋಸ್ಟ್ ಹಾಕಿದರು. ಮಾರನೇ ದಿನ ಬೆಳಗ್ಗೆ ಫೋನು ತೆಗೆದರೆ ಎಲ್ಲ ಕಡೆ ಅದೇ. ತಿಲಕ್ ಎಲ್ಲೋ ಕೆಳಗೆ, ಮೂರನೇ ಪ್ಯಾರಾದಲ್ಲಿ.

ಇದನ್ನೇ ನಾನು ಹೇಳೋಕೆ ಹೊರಟಿದ್ದು. ನನಗೆ ಬೇಜಾರಾಗಿದ್ದು ಕಪ್ಪಿಗಲ್ಲ. ಒಳ್ಳೇ ಆಟ ಕಣ್ಣೆದುರೇ ನಡೆದೂ ಅದನ್ನು ಅನುಭವಿಸೋಕೆ ಬಿಡಲಿಲ್ಲವಲ್ಲ, ಅದಕ್ಕೆ.

"ಆಟದಲ್ಲಿ ರಾಜಕೀಯ ಬೇಡ" ಅಂತ ನಾನು ಹೇಳಲ್ಲ. ಅದು ಸುಳ್ಳು ಮಾತು. ಆಟದಲ್ಲಿ ರಾಜಕೀಯ ಯಾವಾಗಲೂ ಇತ್ತು, ಕೆಲವು ಸಲ ಇರಲೇಬೇಕಿತ್ತು. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು 1970ರಿಂದ 1991ರವರೆಗೆ ಜಗತ್ತಿನ ಕ್ರಿಕೆಟ್ ಹೊರಗಿಟ್ಟಿದ್ದು ಸರಿಯೇ. ಅದರಿಂದ ಬ್ಯಾರಿ ರಿಚರ್ಡ್ಸ್‌ನಂಥ ಬ್ಯಾಟ್ಸ್‌ಮನ್ ಬರೀ ನಾಲ್ಕು ಟೆಸ್ಟ್ ಆಡಿ ಮುಗಿಸಿದ. ನೋಡುವವರಿಗೆ ನಷ್ಟ ಆಯಿತು. ಆಗಲಿ, ಅದಕ್ಕೊಂದು ಕಾರಣ ಇತ್ತು.

ನಮ್ಮದೇ ಉದಾಹರಣೆ ಬೇಕಾ? 1974ರ ಡೇವಿಸ್ ಕಪ್ ಟೆನಿಸ್. ಅಮೃತರಾಜ್ ಸಹೋದರರಿದ್ದ ಭಾರತ ತಂಡ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ನಾವು ಆಡಲ್ಲ ಅಂದೆವು. ಆಡಲೂ ಇಲ್ಲ. ಕಪ್ ಅವರ ಪಾಲಾಯಿತು. ಭಾರತ ಇವತ್ತಿನವರೆಗೂ ಡೇವಿಸ್ ಕಪ್ ಗೆದ್ದಿಲ್ಲ. ಕೈಗೆ ಬಂದಿದ್ದನ್ನೇ ಬಿಟ್ಟುಕೊಟ್ಟಿದ್ದು ಅದು. ಆ ರಾಜಕೀಯವನ್ನು ಒಪ್ಪಿ, ಬಿಡಿ, ಆದರೆ ಗೌರವ ಕೊಡಬೇಕು. ಯಾಕಂದ್ರೆ ಅದಕ್ಕೆ ಬೆಲೆ ತೆತ್ತರು.

ಈಗಿನದು ಎಂಥದ್ದು ನೋಡಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಆ ಸಿಟ್ಟು, ಆ ಸಂಕಟ ಸುಳ್ಳಲ್ಲ. ಜುಲೈನಲ್ಲಿ ಇಂಗ್ಲೆಂಡಿನಲ್ಲಿ ನಡೆದ ನಿವೃತ್ತ ಆಟಗಾರರ ಲೀಗಿನಲ್ಲಿ ನಮ್ಮ ಹಳೇ ಆಟಗಾರರು ಪಾಕಿಸ್ತಾನದ ಎದುರು ಆಡಲ್ಲ ಅಂದರು. ಸೆಮಿಫೈನಲ್ಲನ್ನೇ ಬಿಟ್ಟರು. ಸರಿ, ಅದೊಂದು ನಿಲುವು. ಸೆಪ್ಟೆಂಬರ್‌ನಲ್ಲಿ ಏನಾಯ್ತು? ಮಂಡಳಿಯ ಅಧಿಕೃತ ತಂಡ ಅದೇ ಪಾಕಿಸ್ತಾನದ ಎದುರು ಎರಡು ವಾರದಲ್ಲಿ ಮೂರು ಮ್ಯಾಚ್ ಆಡಿತು. ಸತ್ತವರ ಮನೆಯವರಲ್ಲಿ ಕೆಲವರು ಈ ಮ್ಯಾಚ್ ನೋಡಬೇಡಿ ಅಂತ ಬಹಿರಂಗವಾಗಿಯೇ ಕೇಳಿಕೊಂಡರು. ಆದರೂ ಆಡಿದರು. ಟಾಸ್‌ನಲ್ಲಿ ಕೈ ಕುಲುಕಲಿಲ್ಲ, ಅಷ್ಟೇ.

ಬೀಗರ ಮನೆಗೆ ಹೋಗಿ, ಎಲೆ ಮುಂದೆ ಕೂತು, ಹೋಳಿಗೆಗೆ ಮತ್ತೆ ತುಪ್ಪ ಹಾಕಿಸಿಕೊಂಡು ಉಂಡು, "ಅವರ ಜೊತೆ ನಾವು ಮಾತಾಡಲ್ಲ" ಅಂತ ಮುಖ ತಿರುಗಿಸಿ ಬಂದಂಗಿದೆ ಇದು. ಜಾಹೀರಾತಿನ ದುಡ್ಡು ಬಂತು. ಪ್ರಸಾರದ ದುಡ್ಡು ಬಂತು. ದೇಶಭಕ್ತಿಯೂ ಆಯಿತು. ಕಳಕೊಂಡಿದ್ದು ಯಾರು? ಟಿವಿ ಮುಂದೆ ಕೂತವರು, ಮತ್ತೆ ತಿಲಕ್.

ಇನ್ನೊಂದು ಗಮನಿಸಿದ್ದೀರಾ? ಈ ಎರಡು ದೇಶ ಒಂದರ ನೆಲದಲ್ಲಿ ಇನ್ನೊಂದು ಸರಣಿ ಆಡಿ 2013ರ ಜನವರಿಗೇ ಕೊನೆ. ಆದರೆ ಟಿ20 ವಿಶ್ವಕಪ್ ಇರಲಿ, ಚಾಂಪಿಯನ್ಸ್ ಟ್ರೋಫಿ ಇರಲಿ, ಇಬ್ಬರೂ ಒಂದೇ ಗುಂಪಿಗೆ ಬೀಳುತ್ತಾರೆ. ಚೀಟಿ ಎತ್ತಿದರೆ ಪ್ರತಿ ಸಲ ಹೀಗೇ ಬರುತ್ತಾ? ಯಾರಿಗೆ ಗೊತ್ತಿಲ್ಲ ಇದು! ದ್ವೇಷ ಇರಬೇಕು, ಮ್ಯಾಚೂ ಇರಬೇಕು. ದ್ವೇಷ ಇದ್ದಷ್ಟೂ ಹತ್ತು ಸೆಕೆಂಡಿನ ಜಾಹೀರಾತಿಗೆ ರೇಟು ಜಾಸ್ತಿ. ಅವರ ಕಡೆ ಗೃಹ ಸಚಿವರೇ ಕ್ರಿಕೆಟ್ ಮಂಡಳಿ ನಡೆಸುತ್ತಾರೆ. ನಮ್ಮ ಕಡೆ ಗೃಹ ಸಚಿವರ ಮಗ ಮೊದಲು ಬಿಸಿಸಿಐ ಕಾರ್ಯದರ್ಶಿ, ಈಗ ಐಸಿಸಿ ಅಧ್ಯಕ್ಷ. ಯಾರು ಯಾರಿಗೆ ಬುದ್ಧಿ ಹೇಳೋದು?

ಮೈದಾನದಲ್ಲಿ ಅವರ ಹುಡುಗರೂ ಕಮ್ಮಿ ಇರಲಿಲ್ಲ ಬಿಡಿ. ಸಾಹಿಬ್‌ಜಾದಾ ಫರ್ಹಾನ್ ಅರ್ಧಶತಕ ಹೊಡೆದು ಬ್ಯಾಟನ್ನು ಬಂದೂಕಿನಂತೆ ಹಿಡಿದು ತೋರಿಸಿದ. ರೌಫ್ ವಿಮಾನ ಬೀಳುವ ಸನ್ನೆ ಮಾಡಿದ. ಆತನಿಗೂ ದಂಡ ಬಿತ್ತು, ನಮ್ಮ ಸೂರ್ಯಕುಮಾರ್‌ಗೂ ಮಾತಿಗೆ ದಂಡ ಬಿತ್ತು.

"ಹಿಂದೆ ಎಲ್ಲ ಚೆನ್ನಾಗಿತ್ತು" ಅಂತ ಹಾಡೋಕೂ ನನಗೆ ಇಷ್ಟ ಇಲ್ಲ. 1991ರಲ್ಲಿ ವಾಂಖೆಡೆ ಪಿಚ್ ಅಗೆದರು. 1999ರ ಜನವರಿಯಲ್ಲಿ ದೆಹಲಿಯ ಕೋಟ್ಲಾ ಪಿಚ್ ಅಗೆದರು. ಎರಡೂ ಸಲ ಪಾಕಿಸ್ತಾನ ಬರುತ್ತೆ ಅಂತಲೇ. ಆದರೆ ಅದೇ 1999ರ ಜನವರಿ ಕೊನೆಯಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ನಡೆದ ಟೆಸ್ಟ್ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತೆ. ಗುರಿ 271. 82ಕ್ಕೆ 5 ಹೋಗಿತ್ತು. ಸಚಿನ್ ಬೆನ್ನು ನೋವಲ್ಲೇ 136 ಹೊಡೆದ. ಇನ್ನು 17 ರನ್ ಬೇಕು ಅನ್ನುವಾಗ ಸಕ್ಲೇನ್ ಮುಷ್ತಾಕ್ ಬಾಲನ್ನು ಎತ್ತಿ ಹೊಡೆಯಲು ಹೋಗಿ ವಾಸಿಂ ಅಕ್ರಂ ಕೈಗೆ ಕ್ಯಾಚ್ ಕೊಟ್ಟ. ಉಳಿದವರು ಯಾರು? ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್. ನಾಲ್ಕಕ್ಕೆ ನಾಲ್ಕೂ ಕರ್ನಾಟಕದವರು! ನಮ್ಮೂರ ಟಿವಿ ಮುಂದೆ ಆಗ ಇದ್ದ ಟೆನ್ಷನ್ ಹೇಳತೀರದು. ನಾಲ್ಕು ರನ್ ಸೇರಿಸಿ ಎಲ್ಲ ಮುಗಿಯಿತು. 12 ರನ್ನಿಂದ ಸೋಲು. ಸಕ್ಲೇನ್‌ಗೆ ಆ ಟೆಸ್ಟ್‌ನಲ್ಲಿ ಒಟ್ಟು 10 ವಿಕೆಟ್.

ಆಮೇಲೆ ಚೆಪಾಕ್ ಜನ ಎದ್ದು ನಿಂತು ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ಹೊಡೆದರು. ಅಕ್ರಂ ತಂಡ ಮೈದಾನಕ್ಕೆ ಒಂದು ಸುತ್ತು ಬಂತು. ಅಲ್ಲಿ ನಿಂತಿದ್ದವರು ಯಾರೂ ದೇಶದ್ರೋಹಿಗಳಲ್ಲ. ಐದು ನಿಮಿಷದ ಹಿಂದೆ ಸಚಿನ್‌ಗಾಗಿ ದೇವರಿಗೆ ಹರಕೆ ಹೊತ್ತವರೇ.

ಅದಾಗಿ ಕೆಲವೇ ತಿಂಗಳಲ್ಲಿ ಕಾರ್ಗಿಲ್. ಯುದ್ಧ ನಡೀತಿರುವಾಗಲೇ, ಜೂನ್ 8ರಂದು, ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ ಮ್ಯಾಚ್. ನಾವು 227. ದ್ರಾವಿಡ್ 61, ಅಜರ್ 59. ಪಾಕಿಸ್ತಾನ 180ಕ್ಕೆ ಔಟ್. ವೆಂಕಿ 27 ರನ್ ಕೊಟ್ಟು 5, ಶ್ರೀನಾಥ್ 3, ಕುಂಬ್ಳೆ 2. ಹತ್ತೂ ವಿಕೆಟ್ ನಮ್ಮ ರಾಜ್ಯದವರಿಗೇ! ಚೆಪಾಕ್‌ನಲ್ಲಿ ನಾಲ್ಕು ರನ್ನಿಗೆ ಮುಗಿದ ಬಾಲದವರೇ ಇವರು. ಗಡಿಯಲ್ಲಿ ಸೈನಿಕರು ಸಾಯುತ್ತಿದ್ದ ದಿನಗಳವು. ಯಾರಿಗೂ ಹಗುರ ಮನಸ್ಸು ಇರಲಿಲ್ಲ. ಆದರೂ ಮಾರನೇ ದಿನ ನಾವು ಮಾತಾಡಿದ್ದು ವೆಂಕಿಯ ಲೆಗ್ ಕಟರ್ ಬಗ್ಗೆ.

ಹಾಗಾದರೆ ಬದಲಾಗಿದ್ದೇನು? ನನಗನ್ನಿಸೋದು, ಆಗ ರಾಜಕೀಯ ಪಿಚ್ ಅಗೆಯುತ್ತಿತ್ತು. ಈಗ ನೋಡುವವನ ತಲೆಯೊಳಗೇ ಕೂತಿದೆ. ಬಾಬರ್ ಆಜಂ ಕವರ್ ಡ್ರೈವ್ ಚೆನ್ನಾಗಿದೆ ಅಂತ ಬರೆಯುವ ಮುಂಚೆ ಎರಡು ಸಲ ಯೋಚನೆ ಮಾಡಬೇಕು. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಮ್ಮೆ ಶಾಹೀನ್ ಅಫ್ರಿದಿಯ ಇನ್‌ಸ್ವಿಂಗ್ ಹೊಗಳಿದ್ದಕ್ಕೆ ಚಿಕ್ಕಪ್ಪ "ಹಂಗಾದ್ರೆ ಅಲ್ಲೇ ಹೋಗಿರು" ಅಂದರು. ತಮಾಷೆಗೇ ಅಂದಿದ್ದು, ಇಲ್ಲ ಅನ್ನಲ್ಲ. ಆದರೆ ಆಮೇಲೆ ಗ್ರೂಪಲ್ಲಿ ಕ್ರಿಕೆಟ್ ಬಗ್ಗೆ ನಾನು ಬರೆದಿದ್ದು ಕಮ್ಮಿ. ಚಿಕ್ಕಪ್ಪನೇ ನನಗೆ ಇಮ್ರಾನ್ ಖಾನ್ ರನ್‌ಅಪ್ ಅಂಗಳದಲ್ಲಿ ಓಡಿ ತೋರಿಸಿದವರು, ಅದು ಬೇರೆ ಮಾತು!

ಇದು ನಮ್ಮಂಥವರಿಗೆ ಬರೀ ಕಿರಿಕಿರಿ. ಆಟಗಾರರ ಪಾಡು ನೋಡಿ. 2021ರಲ್ಲಿ ದುಬೈನಲ್ಲಿ ಹತ್ತು ವಿಕೆಟ್‌ನಿಂದ ಸೋತಾಗ ಮೊಹಮ್ಮದ್ ಶಮಿಗೆ ಏನೇನೆಲ್ಲ ಬೈದರು. ಸೋತಿದ್ದು ಹನ್ನೊಂದು ಜನ, ಬೈಗುಳ ಒಬ್ಬನಿಗೆ. ಕೊಹ್ಲಿ ಎದ್ದು ಮಾತಾಡಬೇಕಾಯಿತು. ಮರುವರ್ಷ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟ. ಕ್ಯಾಚ್ ಬಿಡೋದು ಆಟದಲ್ಲಿ ಇದ್ದದ್ದೇ ಅಲ್ವಾ? ಅವನ ವಿಕಿಪೀಡಿಯಾ ಪುಟವನ್ನೇ ತಿದ್ದಿ ಖಲಿಸ್ತಾನಿ ಮಾಡಿದರು.

ನೀರಜ್ ಚೋಪ್ರಾ ವಿಷಯವಂತೂ ಬೆಂಗಳೂರಿಗೇ ಸೇರಿದ್ದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದ, ನೀರಜ್‌ಗೆ ಬೆಳ್ಳಿ. ಅವತ್ತು ನೀರಜ್ ತಾಯಿ, ಗೆದ್ದವನೂ ನಮ್ಮ ಹುಡುಗನೇ ಅಂದಾಗ ದೇಶವೆಲ್ಲ ಕೊಂಡಾಡಿತು. ಒಂದು ವರ್ಷವೂ ಆಗಿರಲಿಲ್ಲ. ನೀರಜ್ ತನ್ನ ಹೆಸರಿನ ಜಾವೆಲಿನ್ ಕೂಟಕ್ಕೆ ಜಗತ್ತಿನ ದೊಡ್ಡ ಎಸೆತಗಾರರನ್ನೆಲ್ಲ ಕರೆದ, ಅರ್ಷದ್‌ನನ್ನೂ ಕರೆದ. ಕರೆದಿದ್ದು ಪಹಲ್ಗಾಮ್ ದಾಳಿಗೂ ಮುಂಚೆ. ಅರ್ಷದ್ ಬರಲ್ಲ ಅಂತಲೂ ಹೇಳಿಯಾಗಿತ್ತು. ಆದರೂ ನೀರಜ್‌ಗೆ, ಅವನ ತಾಯಿಗೆ ಬೈಗುಳದ ಸುರಿಮಳೆ. ಸೇನೆಯಲ್ಲಿ ಹುದ್ದೆ ಇರುವ ಮನುಷ್ಯ, ತಾನು ದೇಶಪ್ರೇಮಿ ಅಂತ ಹೇಳಿಕೆ ಕೊಡಬೇಕಾಗಿ ಬಂತು.

ಮೇ ತಿಂಗಳಲ್ಲಿ ಆಗಬೇಕಿದ್ದ ಆ ಕೂಟ ಕೊನೆಗೆ ಜುಲೈ 5ಕ್ಕೆ ನಮ್ಮ ಕಂಠೀರವದಲ್ಲಿ ಆಯಿತು. ನೀರಜ್ 86.18 ಮೀಟರ್ ಎಸೆದು ಗೆದ್ದ. ಕೆನ್ಯಾದ ಜೂಲಿಯಸ್ ಯೆಗೊ ಎರಡನೆಯವ. ಜಾವೆಲಿನ್ ಎಸೆತವನ್ನು ಟಿವಿಯಲ್ಲಿ ನೋಡೋದೇ ಬೇರೆ, ಎದುರಿಗೆ ನೋಡೋದೇ ಬೇರೆ. ಓಡಿ ಬಂದು ಕೈ ಬಿಟ್ಟ ಮೇಲೆ ನೀರಜ್ ನೆಲಕ್ಕೆ ಮುಂದಕ್ಕೆ ಬೀಳ್ತಾನಲ್ಲ, ಆ ಹೊತ್ತಿಗೆ ಜಾವೆಲಿನ್ ಇನ್ನೂ ಮೇಲೇರುತ್ತಾ ಇರುತ್ತೆ. ಇದನ್ನು 92 ಮೀಟರ್ ಎಸೆಯೋನನ್ನೂ ನಮ್ಮೂರಲ್ಲೇ ನೋಡಬಹುದಿತ್ತಲ್ಲ ಅಂತ ಆಸೆಪಟ್ಟರೆ ಅದೂ ತಪ್ಪಾ?

ಬೆಂಗಳೂರಿಗೆ ಇನ್ನೊಂದು ನಂಟೂ ಇದೆ. ಭಾರತ–ಪಾಕಿಸ್ತಾನ ಕೊನೆಯದಾಗಿ ಟೆಸ್ಟ್ ಆಡಿದ್ದು ಚಿನ್ನಸ್ವಾಮಿಯಲ್ಲೇ, 2007ರ ಡಿಸೆಂಬರ್‌ನಲ್ಲಿ. ಕುಂಬ್ಳೆ ಕ್ಯಾಪ್ಟನ್. ಗಂಗೂಲಿ 239, ಯುವರಾಜ್ 169, ಇರ್ಫಾನ್ ಪಠಾಣ್ ಶತಕ. ಡ್ರಾ ಆಯಿತು. ಆಮೇಲೆ ಹುಟ್ಟಿದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತುತ್ತಿದ್ದಾರೆ. ಐದು ದಿನ ನಡೆಯುವ ಆ ಜಿದ್ದಾಜಿದ್ದಿ ಹೇಗಿರುತ್ತೆ ಅಂತ ಅವರಿಗೆ ಗೊತ್ತೇ ಇಲ್ಲ. ಅವರಿಗೆ ಗೊತ್ತಿರೋದು ಮೂರು ಗಂಟೆ ಟಿ20, ಅದಕ್ಕೆ ಮುಂಚೆ ಮೂರು ದಿನ ಟಿವಿ ಸ್ಟುಡಿಯೋದಲ್ಲಿ ಕಿರುಚಾಟ.

ಹಾಗಾಗಿ ನನ್ನ ಕೇಳಿಕೆ ಸಣ್ಣದು. ಆಡಬಾರದು ಅಂತ ಸರ್ಕಾರಕ್ಕೆ ಅನ್ನಿಸಿದರೆ ಆಡಲೇಬೇಡಿ. ವಿಶ್ವಕಪ್ಪಲ್ಲೂ ಬೇಡ, ಏಷ್ಯಾ ಕಪ್ಪಲ್ಲೂ ಬೇಡ. ಪಾಯಿಂಟ್ ಹೋಗಲಿ, ಕಪ್ ಹೋಗಲಿ, ಪ್ರಸಾರದ ಕೋಟಿಗಳೂ ಹೋಗಲಿ. 1974ರ ಹಾಗೆ. ನಾನು ಒಂದು ಮಾತೂ ಆಡಲ್ಲ. ಆಡೋದೇ ಅಂತಾದರೆ ಪೂರ್ತಿ ಆಡಿ. ಕೈ ಕುಲುಕಿ, ಕಪ್ ಇಸ್ಕೊಳ್ಳಿ, ಮನೆಗೆ ಬನ್ನಿ. ಅರ್ಧ ಆಟ, ಅರ್ಧ ಯುದ್ಧ ಮಾಡಿ ನಮ್ಮ ಮುಂದೆ ಇಡಬೇಡಿ.

ಕಾಮೆಂಟಿನಲ್ಲಿ ಜಗಳಕ್ಕೆ ಬರುವವರು ಬನ್ನಿ, ಬೇಡ ಅನ್ನಲ್ಲ. ಆದರೆ ಮೊದಲು ಆ ಫೈನಲ್‌ನ ಹೈಲೈಟ್ಸ್ ಹಾಕಿ, ಕುಲದೀಪ್‌ನ 17ನೇ ಓವರ್ ನೋಡಿಕೊಂಡು ಬನ್ನಿ. ಪ್ರೆಸೆಂಟೇಶನ್ ಶುರುವಾಗೋ ಹೊತ್ತಿಗೆ ಆಫ್ ಮಾಡಿದರೂ ನಡೆಯುತ್ತೆ.