ಗಿರಿ ನೋಡಲು ಕಟ್ಟಡ ಬೇಕೇ?

ಹಾಸನ, ಚಿಕ್ಕಮಗಳೂರಿನ ಬೆಟ್ಟಗಳ ಮೇಲೆ ವೀಕ್ಷಣಾ ಗೋಪುರ, ಕಟ್ಟೆಗಳನ್ನು ಕಟ್ಟುವುದು ಸರಿಯೇ?

ಪರ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಿದವರಿಗೆ ಅಖಂಡ ಬಾಗಿಲು ನೆನಪಿರುತ್ತದೆ. ಒಂದೇ ಬಂಡೆಯಲ್ಲಿ ಕಡೆದ ಬಾಗಿಲು. ನೆತ್ತಿಯಲ್ಲಿ ಆನೆಗಳು ನೀರೆರೆಯುತ್ತಿರುವ ಗಜಲಕ್ಷ್ಮಿ. ಅಷ್ಟು ಹೊತ್ತು ಸುತ್ತಲೂ ಹರಡಿದ್ದ ಬಯಲು ಅಲ್ಲಿ ಮರೆಯಾಗಿ, ಕಣ್ಣು ಕಲ್ಲಿನ ಮೇಲೆ ನಿಲ್ಲುತ್ತದೆ. 58 ಅಡಿಯ ಗೊಮ್ಮಟನನ್ನು ಕಂಡು ಇಳಿಯುವಾಗ ಕೆಳಗಿನ ಕಲ್ಯಾಣಿ, ಎದುರಿನ ಚಂದ್ರಗಿರಿ ಒಟ್ಟಿಗೇ ಎದುರಾಗುತ್ತವೆ. ಯಾವಾಗ ಮರೆಮಾಡಬೇಕು, ಯಾವಾಗ ತೆರೆದು ತೋರಿಸಬೇಕು ಎಂಬುದನ್ನು ಒಳ್ಳೆಯ ಕಟ್ಟಡ ಬಲ್ಲದು.

ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಯೂ ಹಾಗೆಯೇ. ಎಂಟು ಮೂಲೆಯ ಆ ನಕ್ಷತ್ರಾಕಾರದ ಗೋಡೆಯ ಮೇಲೆ ನಡೆದರೆ ಮೂಲೆ ಮೂಲೆಗೂ ಘಟ್ಟದ ಬೇರೊಂದು ಮುಖ ಕಾಣುತ್ತದೆ. ಇನ್ನು, ಕಟ್ಟೆಯೂ ಕಂಬಿಯೂ ಇದ್ದರೆ ಮಂಡಿನೋವಿನ ಅಜ್ಜಿಯೂ ಧೈರ್ಯವಾಗಿ ನಿಂತು ನೋಡಬಹುದು. ಜನ ಕಂಡಕಂಡಲ್ಲಿ ಹುಲ್ಲು ತುಳಿಯುವುದೂ ತಪ್ಪುತ್ತದೆ.

ವಿರೋಧ

ಕೋಟೆಯ ಹೆಸರು ಹೇಳಿ ಕಾಂಕ್ರೀಟನ್ನು ಸಮರ್ಥಿಸುವುದು ಸಲ್ಲದು. ಮಂಜರಾಬಾದನ್ನು ಕಟ್ಟಿದ್ದು ಯುದ್ಧಕ್ಕೆ, ವಿಂಧ್ಯಗಿರಿಯ ಮೆಟ್ಟಿಲು ಕಡೆದದ್ದು ಭಕ್ತಿಗೆ. ನೋಟ ಅಲ್ಲಿ ತಾನಾಗಿ ಒದಗಿತು. ವೀಕ್ಷಣಾ ಕಟ್ಟೆಗೆ ಇರುವುದು ಒಂದೇ ಕೆಲಸ: ಇಲ್ಲಿ ನಿಲ್ಲು, ಅತ್ತ ನೋಡು ಎಂದು ಅಪ್ಪಣೆ ಕೊಡುವುದು.

ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಇಂತಹ ಕಡೆ ಕಂಬಿ ಹಾಕಿದರೆ ಎಲ್ಲರೂ ಕಣಿವೆಯತ್ತ ಮುಖಮಾಡಿ ಮೊಬೈಲ್ ಎತ್ತುತ್ತಾರೆ. ಬೆನ್ನ ಹಿಂದಿನ ಗುಡ್ಡದ ಮಡಿಲಲ್ಲಿ ಶೋಲಾ ಕಾಡಿರುತ್ತದೆ, ಹುಲ್ಲುಬೆಟ್ಟಗಳ ನಡುವಿನ ತಗ್ಗಿನಲ್ಲಿ ಬೆಳೆಯುವ ಕುಳ್ಳು ಕಾಡು. ಗಾಳಿಗೆ ಬಾಗಿ ಗಿಡ್ಡಗಾದ ಮರಗಳು, ಕಾಂಡದ ತುಂಬ ಹಸಿ ಪಾಚಿ, ಬುಡದಲ್ಲಿ ಹುಲ್ಲಿನ ನಡುವೆ ಸದ್ದಿಲ್ಲದೆ ಜಿನುಗುವ ನೀರು. ಮಳೆಗಾಲ ಮುಗಿದ ಮೇಲೂ ಈ ಜಿನುಗು ನಿಲ್ಲುವುದಿಲ್ಲ. ವೇದಾ, ಅವತಿ ಹೊಳೆಗಳು ಹುಟ್ಟುವುದು ಇದೇ ಬಾಬಾಬುಡನ್ ಸಾಲಿನಲ್ಲಿ; ಎರಡೂ ಸೇರಿ ವೇದಾವತಿಯಾಗಿ ಬಯಲುಸೀಮೆಗೆ ಇಳಿಯುತ್ತವೆ. ಆ ಜಿನುಗನ್ನು ನೋಡಲು ಬಗ್ಗಬೇಕು, ಕೂರಬೇಕು. ಕಟ್ಟೆಯ ಮೇಲಿಂದ ಅದು ಕಾಣುವುದೇ ಇಲ್ಲ.

ಕಾಣದ್ದಕ್ಕೆ ಬೆಲೆಯೂ ಇಲ್ಲ. ಹುಲ್ಲುಗಾವಲು ಖಾಲಿ ಜಾಗವೆನಿಸಿ, ಕಟ್ಟೆಯ ಪಕ್ಕ ಅಂಗಡಿ, ಅಂಗಡಿಯ ಪಕ್ಕ ವಾಹನ ನಿಲುಗಡೆ ಬರುತ್ತದೆ. ಸಿಮೆಂಟ್ ಬಿದ್ದ ಕಡೆ ಮಳೆನೀರು ಇಂಗದೆ ರಭಸವಾಗಿ ಹರಿದು ಮಣ್ಣು ಕೊರೆಯುತ್ತದೆ.

ಅಜ್ಜಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರಿಗೆ ಬೇಕಾದದ್ದು ರಸ್ತೆಬದಿಯಲ್ಲಿ ಒಂದು ಕಲ್ಲುಬೆಂಚು. ಶೌಚಾಲಯ, ಮಾಹಿತಿ ಕೇಂದ್ರ, ವಾಹನ ನಿಲುಗಡೆ ಎಲ್ಲವೂ ಕೆಳಗೆ, ಗಿರಿಗೆ ಹತ್ತುವ ದಾರಿಯಲ್ಲಿರುವ ಕೈಮರ ಎಂಬಲ್ಲೇ ಇರಲಿ. ಅಲ್ಲಿಂದ ಮೇಲಕ್ಕೆ ಸಿಮೆಂಟ್ ಲಾರಿ ಹತ್ತಕೂಡದು.