ಹೊರನಾಡಿನ ಕೀಲಿಮಣೆಗೆ ಇನ್‌ಸ್ಕ್ರಿಪ್ಟೇ ಸರಿ

ಕನ್ನಡ ಟೈಪಿಂಗ್ ಕಲಿಯಬೇಕು ಎಂದರೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಕಗಪ ಹಾಕಿಕೊಳ್ಳಿ, ಕೆ ಒತ್ತಿದರೆ ಕ, ಟಿ ಒತ್ತಿದರೆ ತ. ಕೆ. ಪಿ. ರಾವ್ ಅವರ ಈ ವಿನ್ಯಾಸ ಬೇಗ ಕೈಗೆ ಹತ್ತುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಅನುಕೂಲ ನಿಂತಿರುವುದು ಇಂಗ್ಲಿಷಿನ ಸಾಮಾನ್ಯ ಜೋಡಣೆಯಾದ ಕ್ವರ್ಟಿ ಕೀಲಿಮಣೆಯ ಮೇಲೆ. ಪ್ಯಾರಿಸಿನಲ್ಲೋ ಬರ್ಲಿನ್ನಿನಲ್ಲೋ ಕೊಂಡ ಲ್ಯಾಪ್‌ಟಾಪಿನಲ್ಲಿ ಲೆಕ್ಕ ತಪ್ಪುತ್ತದೆ. ಅಲ್ಲಿ ಕೈಹಿಡಿಯುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತದ ಹಲವು ಲಿಪಿಗಳಿಗೆ ಒಂದೇ ಎರಕದಲ್ಲಿ ಮಾಡಿದ ಕೀಲಿಮಣೆ ವಿನ್ಯಾಸ.

ಕೀಲಿಯ ಮೇಲೆ ಏನು ಅಚ್ಚಾಗಿದೆ ಎಂಬುದು ಕಂಪ್ಯೂಟರಿಗೆ ತಿಳಿಯದು, ಅದಕ್ಕೆ ತಿಳಿಯುವುದು ಕೀಲಿಯ ಜಾಗ ಮಾತ್ರ. ಫ್ರಾನ್ಸಿನ ಅಝರ್ಟಿಯಲ್ಲಿ ‘ಎ’ ಮತ್ತು ‘ಕ್ಯೂ’ ಅದಲುಬದಲು. ಹಾಗಾಗಿ ಕಗಪದಲ್ಲಿ ‘ಎ’ ಎಂದಿರುವ ಕೀಲಿ ಒತ್ತಿದರೆ ಅ ಬದಲು ಟ ಮೂಡುತ್ತದೆ. ಡ ಬೇಕಾದರೆ ‘ಝಡ್’ ಒತ್ತಬೇಕು, ಮ ಬೇಕಾದರೆ ಅಲ್ಪವಿರಾಮದ ಕೀಲಿ. ಜರ್ಮನ್ ಕೀಲಿಮಣೆಯಲ್ಲಿ ಯ ಸಿಗುವುದು ‘ಝಡ್’ನಲ್ಲಿ. ಇಂಗ್ಲಿಷಿಗೆ ಕ್ವರ್ಟಿಯ ಬದಲು ಡ್ವೊರಾಕ್, ಕೋಲ್‌ಮ್ಯಾಕ್ ರೂಢಿಸಿಕೊಂಡವರ ಪಾಡೂ ಇದೇ: ಬಿಟ್ಟುಬಂದ ಕ್ವರ್ಟಿಯನ್ನು ಕನ್ನಡಕ್ಕೋಸ್ಕರ ಮತ್ತೆ ನೆನಪಿಟ್ಟುಕೊಳ್ಳಬೇಕು.

ಇನ್‌ಸ್ಕ್ರಿಪ್ಟಿಗೆ ಕೀಲಿಯ ಮೇಲಿನ ಅಕ್ಷರದ ಹಂಗೇ ಇಲ್ಲ. ಎಡಗೈಗೆ ಬಹುಪಾಲು ಸ್ವರ, ಬಲಗೈಗೆ ಬಹುಪಾಲು ವ್ಯಂಜನ. ಎಡಗೈಯ ನಡುಸಾಲಿನಲ್ಲಿ ೋ, ೇ, ್, ಿ, ು. ಅವುಗಳ ಮೇಲೆಯೇ ೌ, ೈ, ಾ, ೀ, ೂ. ಹ್ರಸ್ವವಾದ ಿ, ುಗಳ ಮೇಲೆ ಅವುಗಳ ದೀರ್ಘ ಕೂತಿರುವುದನ್ನು ಗಮನಿಸಿ. ಅದೇ ಕೀಲಿಗೆ ಶಿಫ್ಟ್ ಸೇರಿಸಿದರೆ ಬಿಡಿಸ್ವರ; ಬಲಗಡೆಯ ಕ, ತ, ಚ, ಟಗಳಿಗೆ ಸೇರಿಸಿದರೆ ಮಹಾಪ್ರಾಣ. ಈ ಸೂತ್ರ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಮೊದಲು ಎಡಗೈಯ ಎರಡು ಸಾಲು ಗಟ್ಟಿ ಮಾಡಿಕೊಂಡು ಆಮೇಲೆ ವ್ಯಂಜನಕ್ಕೆ ಹೋಗಿ. ಸ್ಟಿಕರ್ ಮಾತ್ರ ಅಂಟಿಸಬೇಡಿ, ಕಣ್ಣು ಕೆಳಗೇ ಉಳಿದುಬಿಡುತ್ತದೆ.

ಶಿಫ್ಟಿನ ಹೊರೆಯೂ ಇಲ್ಲಿ ಕಡಿಮೆ. ‘ಮಾತಾಡು’ ಎಂಬುದಕ್ಕೆ ಎರಡರಲ್ಲೂ ಆರೇ ಒತ್ತು. ಕಗಪದಲ್ಲಿ ಪ್ರತಿ ದೀರ್ಘಕ್ಕೂ ಶಿಫ್ಟ್ ಬೇಕು, ಸೊನ್ನೆಗೂ ಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಈ ಪದಕ್ಕೆ ಒಂದು ಸಲವೂ ಬೇಡ. ನಾಲ್ಕು ಪುಟ ಹೊಡೆದ ಮೇಲೆ ಕಿರುಬೆರಳು ಈ ವ್ಯತ್ಯಾಸ ಹೇಳುತ್ತದೆ.

ದೋಷ ಇಲ್ಲವೆಂದಲ್ಲ. ಭಾರತದ ಹಲವು ಲಿಪಿಗಳಿಗೆ ಒಂದೇ ಎರಕ ಮಾಡುವ ಭರದಲ್ಲಿ ಹಿಂದಿಗೆ ಬೇಡದ ಹ್ರಸ್ವ ಎ, ಒಗಳು ಮೂಲೆ ಸೇರಿದವು. ಮನೆ, ಬೆಲೆ, ಆದರೆ ಎಂದು ಹೆಜ್ಜೆಹೆಜ್ಜೆಗೂ ಬೇಕಾಗುವ ೆ ಇರುವುದು ಎಡಗಡೆ ಕೆಳಸಾಲಿನ ತುದಿಯಲ್ಲಿ, ಕ್ವರ್ಟಿಯ ‘ಝಡ್’ ಜಾಗದಲ್ಲಿ. ೊ ಇರುವುದು ಅಂಕಿಸಾಲಿನ ಎಡತುದಿಯಲ್ಲಿ. ಯುರೋಪಿನ ಕೀಲಿಮಣೆಗಳಲ್ಲಿ ಎಡ ಶಿಫ್ಟಿನ ಪಕ್ಕ ಒಂದು ಹೆಚ್ಚುವರಿ ಕೀಲಿ ಬೇರೆ. ೆ ಹುಡುಕುವ ಬೆರಳು ಶುರುವಿನಲ್ಲಿ ಅದರ ಮೇಲೆಯೇ ಬೀಳುತ್ತದೆ. ಇದು ಕನ್ನಡಕ್ಕಾದ ಅನ್ಯಾಯವೇ, ಆದರೆ ಸಹಿಸಬಹುದಾದದ್ದು.

ಇಂಗ್ಲಿಷ್ ಅಕ್ಷರದಲ್ಲಿ ಹೊಡೆದದ್ದನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರ ಫೋನಿನ ಚುಟುಕು ಮಾತಿಗೆ ಸಾಕು. ಊಹಿಸಿ ಪದ ಕೊಡುವ ತಂತ್ರಾಂಶಕ್ಕೆ ಬಿ-ಎ-ಎಲ್-ಇ ಎಂದು ಕೊಟ್ಟರೆ ಬಲೆ, ಬಳೆ, ಬಾಳೆ ಮೂರೂ ಸಾಲುಗಟ್ಟುತ್ತವೆ. ಪ್ರತಿ ಪದಕ್ಕೂ ಹೀಗೆ ಆರಿಸುತ್ತ ಕೂತರೆ ಬರವಣಿಗೆಯ ಓಟ ಮುರಿಯುತ್ತದೆ.

ಆಫೀಸಿನ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಅನುಮತಿ ಇಲ್ಲದವರಿಗೆ ಇನ್ನೊಂದು ಲಾಭ: ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇನ್‌ಸ್ಕ್ರಿಪ್ಟ್ ಮೊದಲೇ ಇದೆ. ವಿಂಡೋಸಿನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ, ‘ಫೊನೆಟಿಕ್’ ಎಂದಿಲ್ಲದ ಕೀಲಿಮಣೆ ಆರಿಸಿ. ಫೊನೆಟಿಕ್ ಎಂದರೆ ಲಿಪ್ಯಂತರ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್. ಚೆನ್ನೈ, ಮುಂಬೈಗಳಲ್ಲಿ ಇರುವವರಿಗೆ ತಮಿಳಿನ ಕ, ಮರಾಠಿಯ ಕ ಕೂಡ ಅದೇ ಬೆರಳಿಗೆ ಸಿಗುತ್ತದೆ.

ಯಾವ ವಿನ್ಯಾಸ ಹಿಡಿದರೂ ಝೀರೋ ವಿಡ್ತ್ ನಾನ್ ಜಾಯ್ನರ್ ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಿ. ಮುಂದಿನ ಅಕ್ಷರ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಈ ಚಿಹ್ನೆ ಟ್ ಆದ ಮೇಲೆ ಬೀಳದಿದ್ದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ.