ಒಂದಡಿ ಆಳದ ಡಿಜಿಟಲ್ ಭಾರತ

ಮಳೆ ಹಿಡಿಯಿತು. ಮಲೆನಾಡಿನ ಪಂಚಾಯಿತಿ ಕಚೇರಿಗಳ ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ದೀಪ ಕೆಂಪಗೆ ಮಿನುಗತೊಡಗಿತು. ಫೈಬರ್ ಎಂಬ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ದೂರು ಕೊಟ್ಟರೆ ಉತ್ತರ: ‘ಫೈಬರ್ ಕಟ್ಟಾಗಿದೆ ಸಾರ್, ಟೀಮ್ ಹೊರಟಿದೆ.’ ದೀಪಾವಳಿಯೊಳಗೆ ತಲುಪಿದರೆ ಪುಣ್ಯ.

ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಈ ಯೋಜನೆಗೆ ಸಂಪುಟ ಒಪ್ಪಿದ್ದು 2011ರ ಅಕ್ಟೋಬರಿನಲ್ಲಿ. ಎರಡೇ ವರ್ಷದಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ, ಹೆಸರು ಬದಲಾಯಿತು: ಭಾರತ್‌ನೆಟ್. 2023ರಲ್ಲಿ ಪರಿಷ್ಕೃತ ಯೋಜನೆಗೆ 1,39,579 ಕೋಟಿ ರೂಪಾಯಿ. ಇಷ್ಟು ದುಡ್ಡು ಒಂದಡಿ ಗುಂಡಿಯಲ್ಲಿ ಹಿಡಿಸುವುದೇ ಒಂದು ಪವಾಡ.

ನಿಯಮದ ಪ್ರಕಾರ ಸಾದಾ ಮಣ್ಣಿನಲ್ಲಿ ಕಾಲುವೆ 165 ಸೆಂಟಿಮೀಟರ್ ಆಳ ಇರಬೇಕು. ಆಳು ಇಳಿದರೆ ಮುಂಡಾಸಷ್ಟೇ ಕಾಣಬೇಕು. ತಳದಲ್ಲಿ 40 ಮಿ.ಮೀ. ಎಚ್‌ಡಿಪಿಇ ಡಕ್ಟ್, ಅಂದರೆ ಕೇಬಲ್ ಹಾಯಿಸುವ ಪ್ಲಾಸ್ಟಿಕ್ ಕೊಳವೆ. ಬಂಡೆ ಅಡ್ಡ ಬಂದು ಆಳ ಸಿಗದಿದ್ದರೆ ಜಿಐ ಪೈಪಿನೊಳಗೆ ಹಾಕಿ ಮೇಲೆ ಕಾಂಕ್ರೀಟ್ ಸುರಿಯಬೇಕು. ನಮ್ಮವರು ಒಂದು ಗುಂಡಿಯನ್ನು ನಿಷ್ಠೆಯಿಂದ ಅಷ್ಟೂ ಆಳ ತೋಡಿ, ಅಳತೆಗೋಲು ನಿಲ್ಲಿಸಿ, ಜಾಗದ ಗುರುತು ಮೂಡುವ ಜಿಯೋಟ್ಯಾಗ್ ಫೋಟೋ ತೆಗೆಯುತ್ತಾರೆ. ಉಳಿದ ಕಿಲೋಮೀಟರುಗಳಲ್ಲಿ ಡಕ್ಟ್ ಕೆಸುವಿನ ಗೆಡ್ಡೆಯಷ್ಟೇ ಆಳದಲ್ಲಿ ಮಲಗುತ್ತದೆ. ಡಕ್ಟಿನ ಬಾಯಿಗೆ ಎಂಡ್ ಪ್ಲಗ್ ಇಲ್ಲ. ಕೆಸರು ತುಂಬಿ ಕಂಪ್ರೆಸರ್‌ನಿಂದ ಊದಿದರೂ ಕೇಬಲ್ ಮುಂದಕ್ಕೆ ಹೋಗದು.

ಹಿಂದೆಯೇ ಕುಡಿಯುವ ನೀರಿನ ಪೈಪಿಗೆ ಜೆಸಿಬಿ ಬರುತ್ತದೆ. ಅಗೆಯುವ ಮುನ್ನ ತಿಳಿಸಿ ಎಂದು ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಕೊಟ್ಟಿದೆ. ಆ್ಯಪ್ ತೆರೆಯಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಜೆಸಿಬಿ ಬಕೆಟ್ಟಿನ ಹಲ್ಲಿಗೆ ಸಿಕ್ಕಿಕೊಂಡಿದೆ.

ಇನ್ನು ಜೋಡಣೆಯ ವೈಭವ. ಕೇಬಲ್ಲಿನ ಹೊರಕವಚವಾದ ಜಾಕೆಟ್ ಸುಲಿದು, ಜೆಲ್ ಒರೆಸಿ, 125 ಮೈಕ್ರಾನಿನ ಗಾಜನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕ್ಲೀವರ್‌ನಲ್ಲಿ ನೇರ ಕತ್ತರಿಸಿ, ಮಷಿನ್‌ನಲ್ಲಿಟ್ಟು ಕಿಡಿಯಿಂದ ಬೆಸೆಯಬೇಕು. ಬೆಳಕಿನ ನಷ್ಟ 0.1 ಡಿಬಿ (ಡೆಸಿಬೆಲ್) ಮೀರಬಾರದು. 24 ಫೈಬರ್ ಎಂದರೆ 24 ಸಲ. ಇದನ್ನು ಟೆಂಟಿನಲ್ಲಿ ಮಾಡಬೇಕು. ಮಾಡುವುದು ರಸ್ತೆ ಬದಿಯಲ್ಲಿ, ಒಂದು ಕೊಡೆಯ ಕೆಳಗೆ. ಮಷಿನ್‌ನ ಫೈಬರ್ ಕೂರುವ ಗೀರಾದ ವಿ-ಗ್ರೂವ್‌ನಲ್ಲಿ ಧೂಳಿನ ಕಣವೊಂದು ಕೂತರೂ ತುದಿಗಳು ಎದುರುಬದುರಾಗವು. ಜಾಯಿಂಟ್ ಮುಚ್ಚುವ ಡಬ್ಬಿಯಾದ ಕ್ಲೋಷರಿನ ಸೀಲಿಗೆ ಬದಲು ಕರೆಂಟ್ ಟೇಪ್ ಸುತ್ತುತ್ತಾರೆ, ಆಗಸ್ಟ್ ಹೊತ್ತಿಗೆ ಒಳಗೆ ನೀರು. ಜಾಯಿಂಟ್ ಗುಂಡಿಯಲ್ಲಿ ಹತ್ತು ಮೀಟರ್ ಹೆಚ್ಚುವರಿ ಕೇಬಲ್ ಸುರುಳಿ ಬಿಡುವುದು ಯಾರಿಗೆ ಬೇಕು? ತುಂಡಾದಾಗ ಕೇಬಲ್ ಎಳೆಯಲು ಬರುವುದಿಲ್ಲ, ನಡುವೆ ಹೊಸ ತುಂಡು ಹಾಕಬೇಕು. ಒಂದು ಕಟ್ಟಿಗೆ ಎರಡು ಜಾಯಿಂಟ್, ಎರಡು ಬಿಲ್!

ಕಂಬದ ಮೇಲೆ ತನ್ನ ಭಾರ ತಾನೇ ಹೊತ್ತು ತೂಗುವ ಎಡಿಎಸ್‌ಎಸ್ ಕೇಬಲ್ಲಿನದೂ ಇದೇ ಕತೆ. ಕೇಬಲ್ಲನ್ನು ಕಂಬಕ್ಕೆ ಹಿಡಿದಿಡುವ ಡೆಡ್-ಎಂಡ್ ಕ್ಲಾಂಪ್ ಬದಲು ಬೈಂಡಿಂಗ್ ವೈರ್ ಬಿಗಿಯುತ್ತಾರೆ. ಗಾಳಿಗೆ ಕೇಬಲ್ ತೂಗಿದಂತೆಲ್ಲ ತಂತಿ ಜಾಕೆಟ್ಟಿಗೆ ಇಳಿಯುತ್ತದೆ, ಮರ ಬೀಳುವವರೆಗೂ ಕಾಯುವ ಅಗತ್ಯವಿಲ್ಲ.

ನಗುವುದು ಸಾಕು. ಇದರಲ್ಲಿ ಯಾವುದೂ ಪ್ರಕೃತಿಯ ಮುನಿಸಲ್ಲ. ಮಲೆನಾಡಿನಲ್ಲಿ ಜೂನ್‌ನಲ್ಲಿ ಮಳೆ ಬರುತ್ತದೆ ಎಂದು ಟೆಂಡರ್ ಬರೆದವರಿಗೂ ಗೊತ್ತಿತ್ತು. ಫೈಬರಿಗೆ ಬೆಳಕು ಬಿಟ್ಟು ಅಳೆಯುವ ಓಟಿಡಿಆರ್ ಯಂತ್ರದ ಟ್ರೇಸ್ ತೆರೆದರೆ ಯಾವ ಮೀಟರಿನಲ್ಲಿ ಕಳಪೆ ಜಾಯಿಂಟ್ ಇದೆ ಎಂಬುದು ಅಲ್ಲೇ ಕಾಣುತ್ತದೆ. ಯಾರೂ ತೆರೆಯದೆ ಸಹಿ ಹಾಕಿದ್ದಾರೆ. ಪಿಂಚಣಿ ಅರ್ಜಿ ಹಿಡಿದು ಬಂದವರಿಗಾಗಿ ಪಿಡಿಓ ತಮ್ಮದೇ ಮೊಬೈಲಿನ ಹಾಟ್‌ಸ್ಪಾಟ್ ಹಾಕುತ್ತಾರೆ. ಆ ರೀಚಾರ್ಜಿಗೆ ಯೋಜನೆಯಲ್ಲಿ ಬಾಬ್ತು ಇಲ್ಲ.